ಗಾಡಿ ಬಂದ್ ಬಿದ್ದರೆ ಕೆಡುವುದೆ?

ಮೋಟಾರು ನಡೆಸಲು ಕಲಿಯಹೊರಟವರಿಗೆ ಎಲ್ಲಕ್ಕಿಂತ ಮೊದಲು ಕೈವಶವಾಗುವ ವಿದ್ಯೆಯೆಂದರೆ ಗಾಡಿಯನ್ನು ನಿಲ್ಲಿಸುವುದು. ಅದೂ ನಿಲ್ಲಿಸುವ ಇಚ್ಛೆ ಎಳ್ಳಷ್ಟೂ ಇಲ್ಲದಿರುವಾಗ. ಕ್ಲಚ್ಚಿನ ಮೇಲಿನ ಕಾಲು ತುಸು ಬೇಗ ಮೇಲೆದ್ದಿತೋ, ಗಾಡಿ ಒಮ್ಮೆ ಕಪ್ಪೆಯಂತೆ ಕುಪ್ಪಳಿಸಿ, ಮೈ ಕೊಡವಿ ಸುಮ್ಮನಾಗುತ್ತದೆ. ಬೆಂಗಳೂರು ಮೈಸೂರುಗಳ ಕಡೆಯವರು ಇದಕ್ಕೆ ‘ಆಫ್ ಆಯಿತು’ ಎನ್ನುತ್ತಾರೆ. ಮರಾಠಿಯ ನೆರೆಯಲ್ಲಿ ಬಾಳುವ ನಮ್ಮ ಬಾಯಿಗೆ ‘ಬಂದ್ ಬಿತ್ತು’ ಎಂಬುದೇ ಒಗ್ಗಿದೆ. ಹೆಸರು ಯಾವುದಾದರೇನು, ಹಿಂದಿನಿಂದ ಹಾರ್ನುಗಳ ಮೇಳ ಏಳುವುದು ಎಲ್ಲ ಊರುಗಳಲ್ಲೂ ಒಂದೇ.

ರವಿವಾರ ಬೆಳಗ್ಗೆ ಸೊಸೈಟಿಯ ಅಂಗಳದಲ್ಲಿ ನಡೆಯುವ ಪಾಠವನ್ನು ಕಂಡವರಿಗೆ ಮುಂದಿನ ಸಂಭಾಷಣೆಯೂ ಪರಿಚಿತವೇ. “ಅಯ್ಯೋ, ಏನಾಯ್ತ್ರೀ? ಕೆಟ್ಟುಹೋಯ್ತೇ?” ಎಂದು ಆಕೆ. “ಹೀಗೆ ಹತ್ತು ಸಲ ಬಂದ್ ಬೀಳಿಸಿದರೆ ಇಂಜಿನು ಉಳಿಯುತ್ತದೆಯೇ? ಇಳಿ, ಇವತ್ತಿಗೆ ಸಾಕು” ಎಂದು ಆತ. ಆ ‘ಇವತ್ತಿಗೆ ಸಾಕು’ ಎಷ್ಟೋ ಮನೆಗಳಲ್ಲಿ ಶಾಶ್ವತವಾಗಿಬಿಟ್ಟಿದೆ. ಲೈಸೆನ್ಸು ಬೀರುವಿನಲ್ಲಿ, ಗಾಡಿ ಅಂಗಳದಲ್ಲಿ. ಯಜಮಾನರು ಪರವೂರಿನಲ್ಲಿರುವಾಗ ನಡುರಾತ್ರಿ ಮನೆಯ ಹಿರಿಯರಿಗೆ ಎದೆನೋವು ಬಂದರೆ, ಆಕೆ ಗೇಟಿನ ಹೊರಗೆ ಟ್ಯಾಕ್ಸಿಯ ದಾರಿ ಕಾಯಬೇಕು. ಆದುದರಿಂದ ಯಜಮಾನರ ಆ ಮಾತು ದಿಟವೇ ಎಂದು ವಿಚಾರಿಸುವುದು ಬರಿಯ ಕುತೂಹಲದ ಸಂಗತಿಯಲ್ಲ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ದಿಟವಲ್ಲ. ಕಲಿಯುವ ನಾಲ್ಕಾರು ವಾರ ದಿನಕ್ಕೆ ಹತ್ತು ಸಲವೇ ಬಂದ್ ಬೀಳಲಿ, ಸುಸ್ಥಿತಿಯಲ್ಲಿರುವ ಇಂಜಿನಿಗೆ ಅದರಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ.

ಗಾಡಿ ನಿಂತಿದ್ದಾಗಲೂ ಇಂಜಿನು ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತು ತಿರುಗುತ್ತಲೇ ಇರುತ್ತದೆ. ಚಕ್ರಗಳು ಮಾತ್ರ ನಿಶ್ಚಲ. ತಿರುಗುವುದಕ್ಕೂ ತಿರುಗದಿರುವುದಕ್ಕೂ ಸಂಬಂಧ ಕೂಡಿಸುವ ಮಧ್ಯಸ್ಥನೇ ಕ್ಲಚ್ಚು. ಇಂಜಿನಿನ ತುದಿಯಲ್ಲಿ ಫ್ಲೈವೀಲೆಂಬ ಭಾರವಾದ ಗಾಲಿಯಿದೆ. ಅದಕ್ಕೆ ಒಂದು ಒರಟು ಬಿಲ್ಲೆಯನ್ನು ಸ್ಪ್ರಿಂಗಿನ ಬಲದಿಂದ ಒತ್ತಿ ಹಿಡಿದಿರುತ್ತದೆ. ಪೆಡಲನ್ನು ತುಳಿದರೆ ಬಿಲ್ಲೆಯ ಹಿಡಿತ ಬಿಡುತ್ತದೆ, ಕಾಲು ತೆಗೆದರೆ ಮತ್ತೆ ಹಿಡಿಯುತ್ತದೆ. ನಿಧಾನವಾಗಿ ತೆಗೆದಾಗ ಬಿಲ್ಲೆ ಕೊಂಚ ಕೊಂಚವೇ ಜಾರುತ್ತ ಚಕ್ರಗಳಿಗೆ ವೇಗವನ್ನು ಒಪ್ಪಿಸುತ್ತದೆ. ಫಕ್ಕನೆ ತೆಗೆದರೆ ಸಾವಿರ ಕಿಲೋ ತೂಕದ ಗಾಡಿಯನ್ನು ಒಂದೇ ಕ್ಷಣದಲ್ಲಿ ಎಳೆಯುವ ಹೊರೆ ಇಂಜಿನಿನ ತಲೆಗೆ ಬರುತ್ತದೆ. ಅಷ್ಟು ಕಡಮೆ ಸುತ್ತಿನಲ್ಲಿ ಅದಕ್ಕೆ ಆ ತ್ರಾಣವಿಲ್ಲ. ಸುತ್ತು ಇಳಿದು, ಸಿಲಿಂಡರಿನೊಳಗಣ ಗಾಳಿಯನ್ನು ಅದುಮುವಷ್ಟು ಬಲವೂ ಉಳಿಯದೆ ನಿಂತುಬಿಡುತ್ತದೆ. ಅಷ್ಟೇ.

ಕೀಲಿ ತಿರುಗಿಸಿದಾಗಲೂ ಅದು ನಿಲ್ಲುವುದೇ ತಾನೆ! ಬೇರಿಂಗುಗಳ ನಡುವಣ ಎಣ್ಣೆಯ ಪೊರೆ ಆ ಅರೆಕ್ಷಣದಲ್ಲಿ ಎಲ್ಲಿಗೂ ಓಡಿಹೋಗುವುದಿಲ್ಲ. ಈಚಿನ ಕೆಲವು ಗಾಡಿಗಳಂತೂ ಪೆಟ್ರೋಲಿನ ಉಳಿತಾಯಕ್ಕಾಗಿ ಸಿಗ್ನಲಿನಲ್ಲಿ ತಾವಾಗಿಯೇ ಇಂಜಿನನ್ನು ನಿಲ್ಲಿಸಿ, ಕ್ಲಚ್ಚು ತುಳಿದೊಡನೆ ತಾವಾಗಿಯೇ ಎಬ್ಬಿಸುತ್ತವೆ. ಬಂದ್ ಬೀಳುವುದರಲ್ಲಿ ಹೆಚ್ಚಿನದೆಂದರೆ ಆ ಕುಲುಕಾಟ ಮಾತ್ರ. ಅದರ ಪೆಟ್ಟನ್ನು ಇಂಜಿನನ್ನು ಹೊತ್ತ ರಬ್ಬರಿನ ದಿಂಬುಗಳೂ ಗೇರಿನ ಹಲ್ಲುಗಳೂ ಅಚ್ಚಿನ ಕೀಲುಗಳೂ ತಾಳಿಕೊಳ್ಳುತ್ತವೆ. ಆ ಕೆಲಸಕ್ಕೇ ಅವು ಇರುವುದು. ವರ್ಷಗಟ್ಟಲೆ ಪ್ರತಿದಿನ ಕುಲುಕಿಸಿದರೆ ರಬ್ಬರು ಸಡಿಲಾದೀತು. ಕೆಲವು ಡೀಸಲು ಗಾಡಿಗಳ ಫ್ಲೈವೀಲು ನಡುವೆ ಸ್ಪ್ರಿಂಗುಗಳುಳ್ಳ ಎರಡು ಭಾಗಗಳದ್ದು. ಅದಕ್ಕೆ ಈ ಅಭ್ಯಾಸ ಹೆಚ್ಚು ದಿನ ಸೊಗಸದು, ಹೊಸದನ್ನು ಹಾಕಿಸಲು ಹಣವೂ ಬಹಳ. ಕಲಿಯುವವರ ನಾಲ್ಕು ವಾರಕ್ಕೆ ಇದಾವುದೂ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾದರೆ ಈ ಭಯ ಎಲ್ಲಿಂದ ಬಂದಿತು? ಹಿರಿಯರಿಂದ ಬಂದ ಆಸ್ತಿ ಎನ್ನಬೇಕು. ಮೊದಮೊದಲ ಮೋಟಾರುಗಳು ಬಂದ್ ಬಿದ್ದರೆ ಕೆಳಗಿಳಿದು, ಮುಂಭಾಗಕ್ಕೆ ಹ್ಯಾಂಡಲು ಸಿಕ್ಕಿಸಿ ತಿರುಗಿಸಬೇಕಾಗುತ್ತಿತ್ತು. ಇಂಜಿನು ಹಿಮ್ಮುಖವಾಗಿ ಒದ್ದರೆ ಮುಂಗೈ ಮುರಿಯುತ್ತಿತ್ತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಗಾಡಿಯಲ್ಲಿ ಬಂದಮೇಲೆ ಈ ಪೀಡೆ ಕ್ರಮೇಣ ತೊಲಗಿತು. ಆದರೂ ಕಾರ್ಬುರೇಟರಿನ ಕಾಲದಲ್ಲಿ ಇನ್ನೊಂದು ತಾಪತ್ರಯ ಉಳಿದಿತ್ತು. ಬಿಸಿ ಇಂಜಿನು ನಿಂತಾಗ ಗಾಬರಿಯಿಂದ ಆಕ್ಸಿಲರೇಟರನ್ನು ತುಳಿತುಳಿದು ಸ್ಟಾರ್ಟರು ಒತ್ತಿದರೆ ಪೆಟ್ರೋಲು ಉಕ್ಕಿ ಪ್ಲಗ್ಗುಗಳು ತೊಯ್ದು, ಗಾಡಿ ಹಟ ಹಿಡಿಯುತ್ತಿತ್ತು. ಅಂಬಾಸಿಡರನ್ನೂ ಪದ್ಮಿನಿಯನ್ನೂ ನಡೆಸಿದವರು ಇದನ್ನು ಮರೆತಿರಲಾರರು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ 2023ರ ಅಕ್ಟೋಬರಿನಲ್ಲಿ ನಿವೃತ್ತಿ ಹೊಂದಿತು. ಇಂದಿನ ಗಾಡಿಗಳಲ್ಲಿ ಪೆಟ್ರೋಲನ್ನು ಅಳೆದು ಕೊಡುವುದು ಕಂಪ್ಯೂಟರು. ಗಾಡಿ ಹೋದರೂ ಭಯ ಉಳಿದುಕೊಂಡಿದೆ.

ವಿನೋದವೆಂದರೆ, ನಿಜವಾದ ಹಾನಿ ಆಗುವುದು ಈ ಭಯದಿಂದಲೇ. ಬಂದ್ ಬಿದ್ದರೆ ಬೈಗುಳ ಕಾದಿದೆಯೆಂದು ತಿಳಿದವರು ಆಕ್ಸಿಲರೇಟರನ್ನು ಜೋರಾಗಿ ಒತ್ತಿ, ಕ್ಲಚ್ಚನ್ನು ಅರ್ಧದಲ್ಲೇ ಹಿಡಿದು ಸಾಗುತ್ತಾರೆ. ಗಾಡಿ ನಿಲ್ಲುವುದಿಲ್ಲ, ಬೈಗುಳವೂ ಇಲ್ಲ. ಒಳಗೆ ಬಿಲ್ಲೆ ಮಾತ್ರ ಫ್ಲೈವೀಲಿಗೆ ಉಜ್ಜಿ ಉಜ್ಜಿ ಕಾಯುತ್ತದೆ. ಹಬ್ಬಕ್ಕೆ ಊರಿಗೆ ಹೊರಟ ಗಾಡಿಗಳ ಸಾಲು ಖಂಬಾಟ್ಕಿ ಘಾಟಿನ ಏರಿನಲ್ಲಿ ಇಂಚಿಂಚಾಗಿ ಸರಿಯುವಾಗ, ಬ್ರೇಕು ಹಾಕದೆ ಕ್ಲಚ್ಚಿನ ಬಲದಿಂದಲೇ ಗಾಡಿಯನ್ನು ತಡೆದು ನಿಲ್ಲಿಸುವವರನ್ನು ನೋಡಿರಿ. ಅನುಭವಿಗಳೇ ಇವರಲ್ಲಿ ಹೆಚ್ಚು! ಸ್ವಲ್ಪ ಹೊತ್ತಿನಲ್ಲಿ ಸುಟ್ಟ ವಾಸನೆ ಬರುತ್ತದೆ. ಆ ಬಿಲ್ಲೆಯನ್ನು ಬದಲಿಸಬೇಕಾದರೆ ಗೇರುಪೆಟ್ಟಿಗೆಯನ್ನೇ ಇಳಿಸಬೇಕು. ಸಾವಿರಾರು ರೂಪಾಯಿಯ ಕೆಲಸ. ಬಂದ್ ಬೀಳಿಸಿ ಕಲಿತವರು ಗಾಡಿಗೆ ಇದಕ್ಕಿಂತ ಎಷ್ಟೋ ಉಪಕಾರಿಗಳು.

ಕಲಿಸುವವರು ಮಾಡಬಹುದಾದ ಒಳ್ಳೆಯ ಕೆಲಸವೊಂದಿದೆ. ಸಮತಟ್ಟಾದ ಖಾಲಿ ಜಾಗದಲ್ಲಿ ಆಕ್ಸಿಲರೇಟರನ್ನು ಮುಟ್ಟದೆ, ಕ್ಲಚ್ಚನ್ನು ಮಾತ್ರ ಕೂದಲೆಳೆಯಷ್ಟು ಬಿಡುತ್ತ ಗಾಡಿಯನ್ನು ಕದಲಿಸಲು ಹೇಳಿರಿ. ಹೆಚ್ಚಿನ ಗಾಡಿಗಳು ಹಾಗೆ ಹೊರಡುತ್ತವೆ. ಇಂಜಿನಿನ ಸದ್ದು ತುಸು ತಗ್ಗಿ ಗಾಡಿ ನಡುಗಿದ ಜಾಗದಲ್ಲಿ ಕಾಲನ್ನು ಒಂದು ಗಳಿಗೆ ತಡೆಯಬೇಕು; ಆ ಜಾಗ ಕಾಲಿಗೆ ಗುರುತಾಗುವವರೆಗೆ ಹತ್ತಿಪ್ಪತ್ತು ಸಲ ಬಂದ್ ಬಿದ್ದರೂ ಬೀಳಲಿ. ನಡುನಡುವೆ ಒಂದಿಷ್ಟು ದೂರ ಓಡಿಸಿದರೆ ಬ್ಯಾಟರಿಯೂ ತುಂಬಿಕೊಳ್ಳುತ್ತದೆ.

ಅಪಾಯ ಇರುವುದು ಗಾಡಿ ನಿಲ್ಲುವುದರಲ್ಲಲ್ಲ, ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿ. ಏರಿನಲ್ಲಿ ನಿಂತರೆ ಹಿಂದಕ್ಕೆ ಉರುಳೀತು; ಮೊದಲು ಬ್ರೇಕು, ಅನಂತರ ಕೀಲಿ. ಇಂಜಿನು ನಿಂತಮೇಲೆ ಬ್ರೇಕಿಗೆ ಅದರ ನೆರವು ಒಂದೆರಡು ತುಳಿತಕ್ಕೆ ಮಾತ್ರ ಉಳಿದಿರುತ್ತದೆ, ಆಮೇಲೆ ಪೆಡಲು ಕಲ್ಲಿನಂತಾಗುತ್ತದೆ. ಆದ್ದರಿಂದ ಬಿಟ್ಟು ಬಿಟ್ಟು ತುಳಿಯದೆ ಒಂದೇ ಸಲ ಬಲವಾಗಿ ಒತ್ತಿ ಹಿಡಿಯಬೇಕು. ಹಾರ್ನು ಬಾರಿಸುವವರು ಬಾರಿಸಿಕೊಳ್ಳಲಿ.

ಇನ್ನು ಒಂದೇ ಒಂದು ಸಂದರ್ಭದಲ್ಲಿ ಮಾತ್ರ ಗಾಡಿ ಬಂದ್ ಬಿದ್ದರೆ ಕೀಲಿಯನ್ನು ಮುಟ್ಟಲೇಬಾರದು: ನಿಂತ ನೀರಿನಲ್ಲಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದಾಗ ಮುಂಬಯಿಯಲ್ಲೂ, 2015ರ ಡಿಸೆಂಬರಿನಲ್ಲಿ ಚೆನ್ನೈಯಲ್ಲೂ ಅಸಂಖ್ಯ ಗಾಡಿಗಳು ಹೀಗೆ ನಿಂತವು. ಗಾಳಿ ಎಳೆಯುವ ಕೊಳವೆಯಿಂದ ನೀರು ಸಿಲಿಂಡರಿಗೆ ಹೊಕ್ಕಿರುತ್ತದೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಮತ್ತೆ ಸ್ಟಾರ್ಟು ಮಾಡಹೋದರೆ ಪಿಸ್ಟನ್ನನ್ನು ಹಿಡಿದ ಕಬ್ಬಿಣದ ತೋಳೇ ಬಾಗುತ್ತದೆ. ಆಗ ಮಾತ್ರ ಇಂಜಿನು ನಿಜವಾಗಿ ಹಾಳು. ಇಂಥ ಹಾನಿಗೆ ವಿಮೆಯ ಹಣವೂ ಅನೇಕ ಸಲ ದೊರೆಯುವುದಿಲ್ಲ. 2005ರಲ್ಲಿ ಮುಚ್ಚಿದ ಗಾಡಿಗಳೊಳಗೇ ಸಿಕ್ಕಿಬಿದ್ದು ಪ್ರಾಣಬಿಟ್ಟವರೂ ಉಂಟು. ಆದುದರಿಂದ ನೀರು ಏರುತ್ತಿದ್ದರೆ ಕಿಟಕಿಯ ಗಾಜನ್ನು ಮೊದಲೇ ಇಳಿಸಿ, ಮಕ್ಕಳನ್ನು ಹೊರಕ್ಕೆ ತೆಗೆದು, ಎತ್ತರದ ಜಾಗಕ್ಕೆ ನಡೆದುಬಿಡಿರಿ. ನೀರು ಇಳಿದಮೇಲೆ ಗಾಡಿಯನ್ನು ಎಳೆಸಿಕೊಂಡು ಹೋದರಾಯಿತು. ಪ್ಲಗ್ಗು ಬಿಚ್ಚಿ ನೀರು ಹೊರಹಾಕುವ ಕೆಲಸ ಮೆಕ್ಯಾನಿಕನದು.