ಬೈಕ್ ಇದ್ದವರಿಗೆ ಆದ್ಯತೆ, ಕಾರು ಇದ್ದವರಿಗೆ?

ಕೆಲಸ ಹುಡುಕುವವರಿಗೆಲ್ಲ ಬಾಯಿಪಾಠವಾಗಿರುವ ಸಾಲೊಂದಿದೆ: ‘ಸ್ವಂತ ದ್ವಿಚಕ್ರ ವಾಹನ ಮತ್ತು ಚಾಲನಾ ಪರವಾನಗಿ ಇರುವವರಿಗೆ ಆದ್ಯತೆ’. ಔಷಧ ಕಂಪನಿಯ ರೆಪ್, ಮೈಕ್ರೋ ಫೈನಾನ್ಸಿನ ಫೀಲ್ಡ್ ಆಫೀಸರ್, ಬೀಜ–ಗೊಬ್ಬರದ ಪ್ರತಿನಿಧಿ... ಹುದ್ದೆ ಯಾವುದೇ ಇರಲಿ, ಮಾರ್ಕ್ಸ್ ಕಾರ್ಡಿಗಿಂತ ಮೊದಲು ಕೇಳುವುದು ಬೈಕನ್ನು. ಬೈಕು ನಮ್ಮದು, ಅದರ ಸಾಲದ ಕಂತು ನಮ್ಮದು, ಪಂಕ್ಚರ್ ಕೂಡ ನಮ್ಮದೇ. ಓಡುವುದು ಮಾತ್ರ ಕಂಪನಿಯ ಕೆಲಸಕ್ಕೆ. ಇದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಅದೇ ಕೆಲಸಕ್ಕೆ ಸ್ವಂತ ಕಾರು ತೆಗೆದುಕೊಂಡು ಹೋಗಿ ನೋಡಿ! ಎರಡು ಚಕ್ರ ಹೆಚ್ಚಾದದ್ದಕ್ಕೆ ಎಷ್ಟು ಹುಬ್ಬುಗಳು ಮೇಲೇರುತ್ತವೆ ಎಂದು ಗೊತ್ತಾಗುತ್ತದೆ.

ನಾನು ಸಾಗರದವಳು. ಬಿ.ಎಸ್ಸಿ ಮುಗಿಸಿ ಒಂದೂವರೆ ವರ್ಷ ಮನೆಯಲ್ಲಿ ಕೂತ ಮೇಲೆ, ಕಳೆದ ಡಿಸೆಂಬರ್‌ನಲ್ಲಿ ಪಶು ಆಹಾರದ ಖಾಸಗಿ ಕಂಪನಿಯೊಂದಕ್ಕೆ ಫೀಲ್ಡ್ ಆಫೀಸರ್ ಆಗಿ ಸೇರಿದೆ. ಸಂಬಳ 19 ಸಾವಿರ. ಸಾಗರ, ಹೊಸನಗರ ತಾಲ್ಲೂಕಿನ ಹಳ್ಳಿಗಳಲ್ಲಿ ಹಾಲು ಕರೆಯುವ ಮನೆಗಳಿಗೆ ಹೋಗಿ, ಕೊಟ್ಟಿಗೆ ನೋಡಿ, ಹಿಂಡಿಯ ಸ್ಯಾಂಪಲ್ ಕೊಟ್ಟು, ಡೀಲರ್ ಹತ್ತಿರ ಆರ್ಡರ್ ಹಾಕಿಸುವುದು ಕೆಲಸ. ನನ್ನ ಹೆಸರು ಅಲ್ಲಿ ಯಾರಿಗೂ ಬೇಡ, ‘ಹಿಂಡಿ ಮೇಡಂ’ ಎಂದರೆ ಸಾಕು. (‘ಹಿಂದಿ ಮೇಡಂ’ ಎಂದು ಕೇಳಿಸಿಕೊಂಡು ಮಗನ ನೋಟ್ಸ್ ತಂದು ತೋರಿಸಿದವರೂ ಒಬ್ಬರಿದ್ದಾರೆ.)

ಮೇ ತನಕ ಸ್ಕೂಟರ್‌ನಲ್ಲೇ ಓಡಾಡಿದೆ. ಜೂನ್ ಬಂತು. ಹೊಸನಗರದ ಮಳೆ ನೋಡದವರಿಗೆ ಹೇಳಿ ಪ್ರಯೋಜನವಿಲ್ಲ. ಹುಲಿಕಲ್ ಅದೇ ತಾಲ್ಲೂಕಿನಲ್ಲಿದೆ ಎಂದರೆ ಅರ್ಥವಾಗಬಹುದು. ರೇನ್‌ಕೋಟ್ ಹಾಕಿದರೂ ಒಳಗೆ ನೀರು, ಸ್ಯಾಂಪಲ್ ಚೀಲ ನೆನೆದು ಗಂಜಿ, ಕಂಪನಿ ಕೊಟ್ಟ ಟ್ಯಾಬ್ ಅನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎದೆಗೆ ಕಟ್ಟಿಕೊಳ್ಳಬೇಕು. ಮನೆಯಲ್ಲಿ ಅಪ್ಪನ ಆಲ್ಟೊ ಇತ್ತು. ಅಡಿಕೆಗೆ ಒಳ್ಳೆಯ ರೇಟು ಬಂದ ವರ್ಷ ಸೆಕೆಂಡ್ ಹ್ಯಾಂಡ್ ಕೊಂಡ 2013ರ ಗಾಡಿ. ಬೆನ್ನುನೋವು ಶುರುವಾಗಿ ಅಪ್ಪ ಓಡಿಸುವುದು ಬಿಟ್ಟ ಮೇಲೆ ಶೆಡ್ಡಿನಲ್ಲಿ ಕೋಳಿಗಳು ಅದರ ಮೇಲೆ ಮಲಗುತ್ತಿದ್ದವು. ನನಗೆ ಲೈಸೆನ್ಸ್ ಇತ್ತು. ತೊಳೆದು, ಬ್ಯಾಟರಿ ಹಾಕಿಸಿ, ಹೊರಗೆ ತೆಗೆದೆ.

ವಾರದೊಳಗೆ ಶಿವಮೊಗ್ಗದಿಂದ ಏರಿಯಾ ಮ್ಯಾನೇಜರ್ ಸರ್ ಫೋನ್ ಮಾಡಿದರು. ‘ಏನಮ್ಮಾ, ಕಾರಲ್ಲಿ ಫೀಲ್ಡಿಗೆ ಹೋಗ್ತಿದೀರಂತೆ? ನಾನು ಹನ್ನೆರಡು ವರ್ಷದಿಂದ ಬೈಕಲ್ಲೇ ಓಡಾಡ್ತಿದೀನಿ.’ ಮಳೆ ಎಂದೆ. ‘ಹೆಣ್ಮಕ್ಕಳಿಗೆ ಬಸ್ ಫ್ರೀ ಇದೆಯಲ್ಲಮ್ಮಾ’ ಎಂದರು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ನಿಜ. ಆದರೆ ಅದು ಸರ್ಕಾರಿ ಬಸ್ಸಿಗೆ. ನಮ್ಮ ಕಡೆ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅದೂ ಬೆಳಿಗ್ಗೆ ಒಂದು, ಸಂಜೆ ಒಂದು. ಬಸ್ಸಿಗೆ ಕಾದರೆ ದಿನಕ್ಕೆ ಎರಡು ಮನೆ, ಸ್ವಂತ ಗಾಡಿಯಾದರೆ ಏಳೆಂಟು. ಟಾರ್ಗೆಟ್ ಕೇಳುವಾಗ ಸರ್ ಬಸ್ಸಿನ ಟೈಮಿಂಗ್ ನೆನಪಿಟ್ಟುಕೊಳ್ಳುವುದಿಲ್ಲ.

ಅವರ ಇನ್ನೊಂದು ಆಕ್ಷೇಪ, ‘ಕಾರಲ್ಲಿ ಹೋದ್ರೆ ರೈತರು ಇವರಿಗೇನು ಕಮ್ಮಿ ಅಂತ ಚೀಲಕ್ಕೆ ರೇಟ್ ಇಳಿಸಿ ಅಂತಾರೆ’ ಎಂಬುದು. ಇದರಲ್ಲಿ ಸ್ವಲ್ಪ ಹುರುಳಿರಬಹುದು ಎಂದು ಮೊದಲ ವಾರ ಕಾರನ್ನು ತಿರುವಿನಲ್ಲೇ ನಿಲ್ಲಿಸಿ ನಡೆದುಕೊಂಡು ಹೋಗುತ್ತಿದ್ದೆ. ಒಂದು ಮನೆಯ ಅಜ್ಜಿ ಕಂಡುಹಿಡಿದುಬಿಟ್ಟರು. ‘ಒಳ್ಳೇದಾತು ಮಾರಾಯ್ತಿ, ಅಷ್ಟು ದಿನ ನೆಂದ್ಕಂಡ್ ಬರ್ತಿದ್ದೆ ಪಾಪ’ ಎಂದು ಕಾಫಿ ಕೊಟ್ಟರು. ರೇಟಿನ ಮಾತು ಬರಲಿಲ್ಲ. ‘ಡ್ರೈವರ್ ಎಲ್ಲಿ?’ ಎಂದು ಮಾತ್ರ ಈಗಲೂ ಕೇಳುತ್ತಾರೆ, ಸ್ಟೇರಿಂಗ್ ಹಿಡಿದು ನಾನು ಕೂತಿದ್ದಾಗಲೇ.

ಸರ್ ಹೇಳದೇ ಇದ್ದದ್ದನ್ನು ಅಕೌಂಟ್ಸಿನವರು ಹೇಳಿದರು: ಬೈಕಿಗೆ ಕಿಲೋಮೀಟರಿಗೆ ಮೂರೂವರೆ ರೂಪಾಯಿ, ಕಾರಿಗೆ ರೇಟೇ ಇಲ್ಲ. ಹಾಗಾಗಿ ಕಾರಲ್ಲಿ ಹೋದರೂ ಬೈಕಿನ ಲೆಕ್ಕ. ಲೀಟರ್ ಪೆಟ್ರೋಲಿಗೆ 103 ರೂಪಾಯಿ, ನಮ್ಮ ಆಲ್ಟೊ ಈ ರಸ್ತೆಗಳಲ್ಲಿ ಕೊಡುವುದು 18 ಕಿಲೋಮೀಟರ್. ಅಂದರೆ ಕಿಲೋಮೀಟರಿಗೆ ಪೆಟ್ರೋಲೇ ಐದು ರೂಪಾಯಿ ಎಪ್ಪತ್ತು ಪೈಸೆ. ದಿನಕ್ಕೆ 70 ಕಿಲೋಮೀಟರ್, ತಿಂಗಳಿಗೆ 25 ದಿನ: ಕೈಯಿಂದ ಹೋಗುವುದು 3,850 ರೂಪಾಯಿ. ಟೈರು, ಆಯಿಲು ಬೇರೆ. 19 ಸಾವಿರದ ಸಂಬಳದಲ್ಲಿ ಇದು ಸಣ್ಣ ಮೊತ್ತವಲ್ಲ. ಆದರೂ ಜ್ವರ ಬಂದು ಮಲಗಿದ ದಿನಗಳ ಸಂಬಳ ಕಟ್, ಕಳೆದುಕೊಂಡ ಇನ್ಸೆಂಟಿವ್ ಎಲ್ಲ ಕೂಡಿಸಿ ನೋಡಿ, ದೂರದ ಊರುಗಳಿಗೆ ಮತ್ತು ಜೋರು ಮಳೆಯ ದಿನಗಳಿಗೆ ಮಾತ್ರ ಕಾರು ಎಂದು ನಿರ್ಧರಿಸಿದೆ. ಸರ್ ಬೇಡ ಎನ್ನುತ್ತಲೇ ಇದ್ದರು. ಯಾಕೆ ಬೇಡ ಎಂದು ಬರೆದುಕೊಡಿ ಸರ್ ಎಂದರೆ ಫೋನ್ ಇಡುತ್ತಿದ್ದರು.

ಆಗ ನಾನು ಮಾಡಿದ ಒಂದು ಕೆಲಸವನ್ನು ಈ ಪುಟ ಓದುವವರು ಖಂಡಿತ ಮಾಡಬೇಕು. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಮಡಚಿಟ್ಟಿದ್ದ ಇನ್ಶೂರೆನ್ಸ್ ಪಾಲಿಸಿಯನ್ನು ಬಿಚ್ಚಿ ಓದಿದೆ. ನಮ್ಮಲ್ಲಿ ಪ್ರೀಮಿಯಂ ಕಟ್ಟಿದ ರಸೀದಿ ನೋಡುತ್ತಾರೆಯೇ ಹೊರತು ಪಾಲಿಸಿ ಓದುವವರು ಕಡಿಮೆ. ವಾಹನವನ್ನು ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಬಳಸಬಾರದು ಎಂಬ ಭಾಗ ಅದರಲ್ಲಿರುತ್ತದೆ. ಖಾಸಗಿ ಕಾರಿನ ಪಾಲಿಸಿ ಬಾಡಿಗೆ ಓಡಿಸುವುದಕ್ಕೆ, ಸರಕು ಸಾಗಿಸುವುದಕ್ಕೆ, ರೇಸಿಗೆ, ವಾಹನ ವ್ಯಾಪಾರಕ್ಕೆ ಸಂಬಂಧಿಸಿದ ಬಳಕೆಗೆ ಅನ್ವಯಿಸುವುದಿಲ್ಲ. ಸರಕು ಎಂಬಲ್ಲಿ ಒಂದು ವಿನಾಯಿತಿಯೂ ಇದೆ: ಸ್ಯಾಂಪಲ್ ಮತ್ತು ಸ್ವಂತ ಲಗೇಜು ಪರವಾಗಿಲ್ಲ. ನನಗೆ ಕುಣಿಯುವಷ್ಟು ಖುಷಿಯಾಯಿತು. ಹಿಂಡಿಯ ಸ್ಯಾಂಪಲ್ ಪ್ಯಾಕೆಟ್‌ಗೆ ಪಾಲಿಸಿಯಲ್ಲೇ ಜಾಗವಿದೆ! ನಾನೇ ಓಡಿಸಿಕೊಂಡು, ನನ್ನ ಕೆಲಸಕ್ಕೆ ಹೋಗುವುದಕ್ಕೆ ಅಡ್ಡಿಯಿಲ್ಲ.

ಸಹೋದ್ಯೋಗಿಗಳನ್ನು ಹತ್ತಿಸಿಕೊಂಡು ತಲೆಗಿಷ್ಟು ಎಂದು ವಸೂಲಿ ಮಾಡಲು ಹೊರಟರೆ ಮಾತ್ರ ಕಥೆ ಬೇರೆ. ಬಾಡಿಗೆಗೆ ಪರ್ಮಿಟ್ ಬೇಕು, ಹಳದಿ ಬೋರ್ಡು ಬೇಕು. 2023ರಲ್ಲಿ ಬೆಂಗಳೂರಿನಲ್ಲಿ ಕಾರ್‌ಪೂಲಿಂಗ್ ಆ್ಯಪ್‌ಗಳ ಬಗ್ಗೆ ದೊಡ್ಡ ಚರ್ಚೆಯಾದದ್ದು ಇದೇ ಬಿಳಿ ಬೋರ್ಡು–ಹಳದಿ ಬೋರ್ಡಿನ ಪ್ರಶ್ನೆಗೆ.

ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಪಾಲಿಸಿ ಮಾಡಿಸಿಕೊಟ್ಟ ಏಜೆಂಟರು ಅಪ್ಪನ ಸ್ನೇಹಿತರು. ಅವರ ಹತ್ತಿರ ಹೋದಾಗ, ‘ಆರ್‌ಸಿ ಯಾರ ಹೆಸರಲ್ಲಿದೆ?’ ಎಂದು ಕೇಳಿದರು. ಅಪ್ಪನ ಹೆಸರಲ್ಲಿ. ‘ಹಾಗಾದ್ರೆ ಹದಿನೈದು ಲಕ್ಷ ನಿಂಗೆ ಬರೂದಿಲ್ಲ ಮಗಾ’ ಎಂದರು. ವಾಹನದ ಮಾಲೀಕರೇ ಓಡಿಸುವಾಗ ಅಪಘಾತವಾದರೆ ಅವರಿಗೆಂದು 15 ಲಕ್ಷ ರೂಪಾಯಿಯ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ 2018ರಿಂದ ಇದೆ. ಅದು ಮಾಲೀಕ–ಚಾಲಕನಿಗೆ. ಮಗಳು ಓಡಿಸುವಾಗ ಮಗಳಿಗೆ ಏನಾದರೂ ಆದರೆ ಆ ಹಣ ಬರುವುದಿಲ್ಲ. ಥರ್ಡ್ ಪಾರ್ಟಿ ವಿಮೆ ನಾನು ಗುದ್ದಿದವರಿಗೆ ಪರಿಹಾರ ಕೊಡುತ್ತದೆ, ನನಗಲ್ಲ. ಅಂದರೆ ಆ ಮಳೆಯಲ್ಲಿ, ಆ ಘಾಟಿ ರಸ್ತೆಯಲ್ಲಿ, ರಸ್ತೆ ಮೇಲಿದ್ದ ದನಕ್ಕೂ ಎದುರು ಬರುವವರಿಗೂ ಏನಾದರೊಂದು ಆಸರೆ ಇತ್ತು; ಸ್ಟೇರಿಂಗ್ ಹಿಂದೆ ಕೂತವಳಿಗೆ ಇರಲಿಲ್ಲ. ಅಪ್ಪನ, ಅಣ್ಣನ, ಭಾವನ ಗಾಡಿಯಲ್ಲಿ ಕೆಲಸಕ್ಕೆ ಹೋಗುವ ಎಷ್ಟು ಹುಡುಗರಿದ್ದಾರೆ ಲೆಕ್ಕ ಹಾಕಿ. ಬೈಕಿಗೂ ಇದೇ ಮಾತು.

ಜುಲೈನಲ್ಲಿ ಸಾಗರದ ಆರ್‌ಟಿಒ ಕಚೇರಿಗೆ ಎರಡು ಸಲ ಅಲೆದೆ. ಫಾರಂ 29, ಫಾರಂ 30, ಅಪ್ಪನ ಸಹಿ, ನನ್ನ ಸಹಿ. ಕಾರು ನನ್ನ ಹೆಸರಿಗಾಯಿತು. ಹೆಸರು ಬದಲಾದ 14 ದಿನದೊಳಗೆ ವಿಮಾ ಕಂಪನಿಗೂ ತಿಳಿಸಿ ಪಾಲಿಸಿ ಬದಲಿಸಿಕೊಳ್ಳಬೇಕು, ಅದನ್ನೂ ಮಾಡಿದೆ. ಅಪ್ಪನ ನೋ ಕ್ಲೇಮ್ ಬೋನಸ್ ನನಗೆ ಸಿಗಲಿಲ್ಲ, ಅದು ಗಾಡಿಗೆ ಸೇರಿದ್ದಲ್ಲ, ಮಾಲೀಕರಿಗೆ ಸೇರಿದ್ದು. ಆರ್‌ಸಿ ಬದಲಿಸಲು ಮನೆಯಲ್ಲಿ ಒಪ್ಪದವರು ತಮ್ಮ ಹೆಸರಿನಲ್ಲಿ ಪ್ರತ್ಯೇಕ ಅಪಘಾತ ವಿಮೆ ಮಾಡಿಸಬಹುದು. ಏನೂ ಆಗದಿದ್ದರೆ ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆ, ಎರಡು ಲಕ್ಷದ್ದು. ಒಂದು ಮಸಾಲೆ ದೋಸೆಗೂ ಅಷ್ಟರಲ್ಲಿ ಆಗುವುದಿಲ್ಲ.

ಚೌತಿಗೆ ನಾಲ್ಕು ದಿನ ಮುಂಚೆ ಸರ್ ಫೋನ್. ದನಿಯಲ್ಲಿ ಬೆಣ್ಣೆ. ‘ಹೊಸನಗರದ ಡೀಲರ್ ಹತ್ರ ಸ್ಟಾಕ್ ಖಾಲಿಯಂತಮ್ಮಾ. ಲಾರಿ ಬರೋದು ಹಬ್ಬ ಆದ್ಮೇಲೆ. ಹೆಂಗೂ ನಿಮ್ಮ ಕಾರಿದೆಯಲ್ಲಾ, ಸಾಗರದ ಗೋಡೌನಿಂದ ಒಂದಾರು ಚೀಲ ಹಾಕ್ಕೊಂಡು ಹೋಗ್ಬಿಡಿ.’ ಎರಡು ತಿಂಗಳಿಂದ ಬೇಡವಾಗಿದ್ದ ಕಾರು! ಐವತ್ತು ಕಿಲೋದ ಆರು ಚೀಲವೆಂದರೆ 300 ಕಿಲೋ. ಡಿಕ್ಕಿ ಸಾಲದು, ಹಿಂದಿನ ಸೀಟೂ ಬೇಕು. ಆಗಲ್ಲ ಸರ್ ಎಂದೆ. ‘ಸ್ಯಾಂಪಲ್ ಒಯ್ತೀರಲ್ಲ?’ ಎಂದರು. ಪಾಲಿಸಿಯ ಆ ಪುಟದ ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡಿದೆ. ನೀಲಿ ಗೆರೆ ಬಿತ್ತು. ಎರಡು ದಿನ ಉತ್ತರವಿಲ್ಲ. ಆ ಎರಡು ದಿನ ನನಗೆ ಸರಿಯಾಗಿ ಊಟ ಸೇರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಒಂದೂವರೆ ವರ್ಷ ಕಾದು ಸಿಕ್ಕ ಕೆಲಸ ಅದು, ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ.

ಹಬ್ಬ ಮುಗಿಸಿ ಶಿವಮೊಗ್ಗದ ಮೀಟಿಂಗಿಗೆ ಹೋದಾಗ ಸರ್ ಕ್ಯಾಂಟೀನಿಗೆ ಕರೆದರು. ಬೈಯುತ್ತಾರೆ ಎಂದುಕೊಂಡು ಹೋದೆ. ಟೀ ತರಿಸಿ, ಹಿಂದೆ ಬೇರೆ ಕಂಪನಿಯಲ್ಲಿದ್ದಾಗಿನ ಸಂಗತಿ ಹೇಳಿದರು. ಅವರ ಟೀಮಿನ ಹುಡುಗನೊಬ್ಬ ಭಾವನ ಕಾರು ತೆಗೆದುಕೊಂಡು ಫೀಲ್ಡಿಗೆ ಹೋಗಿದ್ದನಂತೆ. ರಾತ್ರಿ ಎಂಟಕ್ಕೆ ಲಾರಿಗೆ ಡಿಕ್ಕಿ, ಅಲ್ಲೇ ಹೋದ. ಡ್ಯೂಟಿ ಆರಕ್ಕೇ ಮುಗಿದಿತ್ತು, ಸ್ವಂತ ಕೆಲಸಕ್ಕೆ ಹೋಗಿದ್ದ ಎಂದಿತು ಕಂಪನಿ. ಕೆಲಸದ ವೇಳೆ, ಕೆಲಸದ ಕಾರಣಕ್ಕೆ ಆದ ಅಪಘಾತಕ್ಕೆ ಕೆಲಸ ಕೊಟ್ಟವರು ಹೊಣೆ ಎಂಬ ಕಾನೂನು ನಮ್ಮಲ್ಲಿ 1923ರಿಂದಲೂ ಇದೆ. ಆದರೆ ಅವನು ಕೆಲಸದಲ್ಲಿದ್ದ ಎಂದು ತೋರಿಸಬೇಕಲ್ಲ? ಹುಡುಗನ ತಾಯಿ ವರ್ಷಗಟ್ಟಲೆ ಅಲೆದರಂತೆ. ‘ಆ ಡೀಲರನ್ನ ನೋಡ್ಕೊಂಡೇ ಬಾ ಅಂತ ನಾನೇ ಫೋನಲ್ಲಿ ಹೇಳಿದ್ದೆ. ಬರೆದು ಏನೂ ಕೊಟ್ಟಿರ್ಲಿಲ್ಲ’ ಎಂದು ಸರ್ ಟೀ ಲೋಟ ನೋಡುತ್ತಾ ಕೂತರು. ‘ಅದಕ್ಕೇ ಕಾರು ಅಂದ್ರೆ ಬೇಡ ಅಂತೀನಿ.’

ನನಗೆ ಅವರ ಮೇಲಿದ್ದ ಸಿಟ್ಟು ಇಳಿಯಿತು. ಆದರೆ ಅವರು ತೆಗೆದ ತೀರ್ಮಾನ ಸರಿ ಎಂದು ಈಗಲೂ ಅನ್ನಿಸುವುದಿಲ್ಲ. ಕಾರು ಬೇಡ ಎಂದು ಅವರು ನನ್ನನ್ನು ಕಳಿಸುತ್ತಿದ್ದದ್ದು ಸ್ಕೂಟರಿನಲ್ಲಿ. ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿ ಪ್ರಕಾರ ದೇಶದ ರಸ್ತೆಗಳಲ್ಲಿ ಸತ್ತವರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಆ ಹುಡುಗನ ತಾಯಿಯನ್ನು ಅಲೆಸಿದ್ದು ಬಾಯಿಮಾತಿನ ಆದೇಶ, ಮತ್ತು ಬೈಕಿನವರಿಗೂ ಇವತ್ತಿಗೂ ಬಾಯಿಮಾತಿನ ಆದೇಶವೇ. ಇದನ್ನೆಲ್ಲ ಅಲ್ಲಿ ಹೇಳಲಿಲ್ಲ. ‘ಹಾಗಾದ್ರೆ ನಂಗೆ ಬರೆದು ಕೊಡಿ ಸರ್’ ಎಂದಷ್ಟೇ ಕೇಳಿದೆ.

ಸೆಪ್ಟೆಂಬರ್ ಎರಡನೇ ವಾರ ಮೇಲ್ ಬಂತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ದೂರದ ರೂಟುಗಳಿಗೆ ಮಾತ್ರ, ನೌಕರರು ‘ತಮ್ಮ ಸ್ವಂತ ಹೊಣೆಯಲ್ಲಿ’ ಕಾರು ಬಳಸಬಹುದು. ಕಿಲೋಮೀಟರಿಗೆ ಐದು ರೂಪಾಯಿ. ಹಣ ಹೆಚ್ಚಾಗಿತ್ತು, ಸಹಿ ಹಾಕಿಬಿಡೋಣ ಅನ್ನಿಸಿತು. ಏಜೆಂಟ್ ಮಾಮ ಬೆರಳಿಟ್ಟು ತೋರಿಸಿದ್ದು ಆ ಮೂರು ಪದಗಳನ್ನು. ಅವಕ್ಕೆ ಸಹಿ ಹಾಕಿದರೆ ನಾಳೆ ಏನಾದರೂ ಆದಾಗ ಕಂಪನಿ ಮೊದಲು ತೋರಿಸುವ ಕಾಗದ ಅದೇ. ಆ ಪದಗಳ ಜಾಗದಲ್ಲಿ ‘ಕಚೇರಿಯ ಅನುಮತಿಯೊಂದಿಗೆ’ ಎಂದು ಹಾಕಿ ಎಂದು ಉತ್ತರ ಬರೆದೆ. ನಮ್ಮ ಜಿಲ್ಲೆಯ ಇನ್ನಿಬ್ಬರೂ ಅದನ್ನೇ ಬರೆದರು. ಹತ್ತು ದಿನಕ್ಕೆ ತಿದ್ದಿದ ಪತ್ರ ಬಂತು. ಸರ್ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆದರೆ ಈಗ ಬೆಳಿಗ್ಗೆ ಏಳೂವರೆಗೆ ಆ ದಿನದ ರೂಟನ್ನು ಗ್ರೂಪಿನಲ್ಲಿ ಬರೆದು ಹಾಕುತ್ತಾರೆ, ಬೈಕಿನವರದ್ದೂ ಸೇರಿಸಿ. ನಾನು ಕಾಲೇಜಿನ ಹಳೆಯ ಪ್ರಾಕ್ಟಿಕಲ್ ಪುಸ್ತಕದ ಖಾಲಿ ಹಾಳೆಗಳಲ್ಲಿ ದಿನಾಂಕ, ಊರು, ಕಿಲೋಮೀಟರ್ ಬರೆದಿಡುತ್ತೇನೆ. ಬೆಳಿಗ್ಗೆ, ಸಂಜೆ ಮೀಟರಿನ ಫೋಟೊ ತೆಗೆಯುತ್ತೇನೆ.

ಇಂಟರ್‌ವ್ಯೂಗೆ ಹೋಗುವ ಗೆಳೆಯರು ಸಂಬಳದ ಜೊತೆಗೆ ಇದನ್ನೂ ಕೇಳಿ: ನನ್ನ ಗಾಡಿ ಓಡಿಸಬೇಕೆಂದರೆ ಕಿಲೋಮೀಟರಿಗೆ ಎಷ್ಟು, ರೂಟ್ ಬರೆದು ಕೊಡುತ್ತೀರಾ, ಅಪಘಾತವಾದರೆ ಯಾರು? ಮೂರನೆಯ ಪ್ರಶ್ನೆಗೆ ಎದುರಿಗಿರುವವರು ಮುಖ ಮುಖ ನೋಡಿಕೊಂಡರೂ ಕೇಳಿ.

ಈಗ ಅಕ್ಟೋಬರ್. ಪತ್ರದ ಪ್ರಕಾರ ಕಾರಿನ ಅವಧಿ ಮುಗಿದಿದೆ, ಮಳೆಗೆ ಅದು ತಿಳಿದಂತಿಲ್ಲ. ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದರಿಂದ ತುಮರಿ ಭಾಗವನ್ನೂ ನನ್ನ ರೂಟಿಗೆ ಸೇರಿಸಿದ್ದಾರೆ. ಮೊದಲು ಲಾಂಚಿಗೆ ಕಾಯಬೇಕಿತ್ತು, ಈಗ ಸೀದಾ ಹೋಗಬಹುದು. ಆದರೂ ಹೋಗಿ ಬರುವುದೆಂದರೆ ಇಡೀ ದಿನದ ಓಡಾಟ. ಆ ರೂಟಿಗೆ ವರ್ಷವಿಡೀ ಕಾರಿಗೆ ಅನುಮತಿ ಬೇಕೆಂದು ಕಳೆದ ಸೋಮವಾರ ಮೇಲ್ ಮಾಡಿದ್ದೇನೆ. ಉತ್ತರ ಬಂದಿಲ್ಲ. ನಿನ್ನೆ ಸರ್ ಫೋನ್ ಮಾಡಿದ್ದರು, ಸ್ಕೂಟರ್ ಸರ್ವಿಸ್ ಮಾಡಿಸಿದ್ರಾ ಎಂದು ಕೇಳಲು.