‘ಆಗದು’ ಎನ್ನಬಲ್ಲ ಕಚೇರಿ

ಯಾವುದೋ ಕಂಪನಿಯಲ್ಲಿ ಕೋಟಿಗಟ್ಟಲೆ ಹಣದ ವಂಚನೆ ನಡೆಯಿತೆಂದು ಓದಿದಾಗ, ದುರಾಶೆಯ ನಾಲ್ಕು ಜನ ಗುಟ್ಟಾಗಿ ಸಂಚು ಹೂಡಿರಬೇಕೆಂದೇ ನಾವು ಭಾವಿಸುತ್ತೇವೆ. ಆದರೆ ದೊಡ್ಡ ಲೆಕ್ಕದ ಮೋಸಕ್ಕೆ ಮೇಲಿನವರ ಆಸೆಯೊಂದೇ ಸಾಲದು. ಕೆಳಗೆ ಕುಳಿತು ಅಂಕಿಗಳನ್ನು ಬರೆಯುವ ಸಜ್ಜನರ ಕೈಗಳೂ ಬೇಕು. ಆ ಕೈಗಳು ಏಕೆ ಒಪ್ಪುತ್ತವೆ? ನಮ್ಮ ಮನೆಗಳ ಎಷ್ಟೋ ಮಕ್ಕಳು ಇಂತಹ ಕಚೇರಿಗಳಲ್ಲಿ ದುಡಿಯುತ್ತಿರುವಾಗ ಈ ಪ್ರಶ್ನೆ ನಮಗೆ ದೂರದ್ದೇನಲ್ಲ.

ಅಮೆರಿಕದ ವರ್ಲ್ಡ್‌ಕಾಮ್ ಎಂಬ ದೂರವಾಣಿ ಕಂಪನಿಯ ಕಥೆ ಇದಕ್ಕೆ ತಕ್ಕ ನಿದರ್ಶನ. ಮಿಸಿಸಿಪಿ ರಾಜ್ಯದ ಕ್ಲಿಂಟನ್ ಎಂಬ ಸಣ್ಣ ಊರಿನಲ್ಲಿ ಅದರ ಕೇಂದ್ರ ಕಚೇರಿಯಿತ್ತು. 2000ನೆಯ ಇಸವಿಯ ಅಕ್ಟೋಬರ್‌ನಲ್ಲಿ ಲಾಭ ನಿರೀಕ್ಷೆಯಷ್ಟು ಬರಲಿಲ್ಲ. ಆಗ ಮಧ್ಯಮ ದರ್ಜೆಯ ಲೆಕ್ಕಾಧಿಕಾರಿಣಿಯೊಬ್ಬಳಿಗೆ 82.8 ಕೋಟಿ ಡಾಲರ್ ಖರ್ಚನ್ನು ಲೆಕ್ಕದಿಂದ ಮರೆಸುವಂತೆ ಸೂಚನೆ ಬಂದಿತು. ತಪ್ಪೆಂದು ಆಕೆಗೆ ತಿಳಿದಿತ್ತು. ಮೇಲಧಿಕಾರಿಗೆ ಹೇಳಿಯೂ ಹೇಳಿದಳು. ಹಣಕಾಸು ಮುಖ್ಯಸ್ಥ ಸ್ಕಾಟ್ ಸಲಿವನ್ ಗದರಿಸಲಿಲ್ಲ. ಆಕಾಶದಲ್ಲಿರುವ ವಿಮಾನಗಳು ಹಡಗಿನ ಮೇಲೆ ಇಳಿಯುವವರೆಗೆ ಜೊತೆಗಿರಿ, ಆಮೇಲೆ ಬೇಕಾದರೆ ಬಿಟ್ಟು ಹೋಗಿ ಎಂದು ನಯವಾಗಿ ಹೇಳಿದ. ಆಕೆ ರಾಜೀನಾಮೆ ಪತ್ರ ಬರೆದಳು, ಆದರೆ ಕೊಡಲಿಲ್ಲ. ಮನೆಯ ಸಂಸಾರ ಹೆಚ್ಚಾಗಿ ಆಕೆಯ ಸಂಬಳದ ಮೇಲೆಯೇ ನಡೆಯುತ್ತಿತ್ತು. ಮುಂದಿನ ಮೂರು ತಿಂಗಳ ಲೆಕ್ಕ ಬಂದಾಗ ಅದೇ ಸೂಚನೆ ಮತ್ತೆ ಬಂದಿತು.

2001ರಿಂದ ಮೋಸದ ಬಗೆ ಬದಲಾಯಿತು. ಇತರ ಕಂಪನಿಗಳ ತಂತಿಗಳನ್ನು ಬಳಸಿದ್ದಕ್ಕೆ ಕೊಡುವ ಶುಲ್ಕವನ್ನು ಖರ್ಚೆಂದು ಬರೆಯದೆ ಆಸ್ತಿಯೆಂದು ಬರೆಯತೊಡಗಿದರು. ಪ್ರತಿ ತಿಂಗಳು ಕೊಡುವ ಮನೆ ಬಾಡಿಗೆಯನ್ನು ಸ್ವಂತ ಮನೆ ಕಟ್ಟಿಸಿದ ಹಣವೆಂದು ಗೃಹಿಣಿಯೊಬ್ಬಳು ದಿನಚರಿಯಲ್ಲಿ ಬರೆದಿಟ್ಟಂತೆ! ಕಾಗದದ ಮೇಲೆ ಸಿರಿತನ ಬೆಳೆಯುತ್ತದೆ, ಪೆಟ್ಟಿಗೆ ಬರಿದಾಗುತ್ತದೆ.

ಆ ಸಂಸ್ಥೆಯ ನಾಯಕ ಬರ್ನಾರ್ಡ್ ಎಬ್ಬರ್ಸ್. ಕಂಪನಿಗೊಂದು ನೀತಿಸಂಹಿತೆ ಬೇಕೆಂಬ ಸಲಹೆ ಬಂದಾಗ ಅದು ಬರೀ ಕಾಲಹರಣವೆಂದು ಆತ ತಳ್ಳಿಹಾಕಿದನೆಂದು ಮುಂದೆ ತನಿಖಾ ಸಮಿತಿಯ ವರದಿ ದಾಖಲಿಸಿತು. ನಾಯಕನ ಇಂತಹ ಒಂದು ಮಾತು ಕಚೇರಿಯ ಕಟ್ಟಕಡೆಯ ಮೇಜಿನವರೆಗೂ ತಲುಪುತ್ತದೆ. ಸುತ್ತೋಲೆ ಹೊರಡಿಸುವ ಅಗತ್ಯವೇ ಬೀಳುವುದಿಲ್ಲ.

ಅದೇ ಕಟ್ಟಡದಲ್ಲಿ ಸಿಂಥಿಯಾ ಕೂಪರ್ ಎಂಬಾಕೆ ಆಂತರಿಕ ಲೆಕ್ಕ ತಪಾಸಣೆಯ ಮುಖ್ಯಸ್ಥೆಯಾಗಿದ್ದರು. ವಿಚಿತ್ರವೆಂದರೆ ಅವರ ವಿಭಾಗವೂ ಸಲಿವನ್ನನ ಅಧೀನದಲ್ಲೇ ಇತ್ತು. 2002ರಲ್ಲಿ ಅವರ ತಂಡ ರಾತ್ರಿಯ ವೇಳೆ ಕೆಲಸ ಮಾಡಿ ದಾಖಲೆಗಳನ್ನು ಪರಿಶೀಲಿಸಿತು. ತಪಾಸಣೆಯನ್ನು ಮುಂದೂಡೆಂದು ಸಲಿವನ್ ಕೇಳಿದಾಗ ಕೂಪರ್ ಒಪ್ಪದೆ, ನಿರ್ದೇಶಕ ಮಂಡಳಿಯ ತಪಾಸಣಾ ಸಮಿತಿಯ ಅಧ್ಯಕ್ಷರ ಬಳಿಗೆ ಹೋದರು. ಜೂನ್ 25ರಂದು 380 ಕೋಟಿ ಡಾಲರಿನ ಸುಳ್ಳು ಲೆಕ್ಕ ಜಗತ್ತಿಗೆ ತಿಳಿಯಿತು. ತರುವಾಯದ ತನಿಖೆಯಲ್ಲಿ ಅದು ಸುಮಾರು 1,100 ಕೋಟಿಗೆ ಏರಿತು. ಕೂಪರ್‌ಗಿದ್ದ ಧೈರ್ಯ ದೊಡ್ಡದು, ನಿಜ. ಆದರೆ ಅವರಿಗೆ ತಟ್ಟಲು ಇನ್ನೊಂದು ಬಾಗಿಲೂ ಇತ್ತು. ಆ ಲೆಕ್ಕಾಧಿಕಾರಿಣಿಗೆ ಅಂತಹದೊಂದು ಬಾಗಿಲು ಕಾಣಲಿಲ್ಲ.

ನಮ್ಮ ದೇಶವೂ ಇದರಿಂದ ಹೊರತಲ್ಲ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಗೆ 2008ರಲ್ಲಿ ಉತ್ತಮ ಆಡಳಿತಕ್ಕಾಗಿ ಪ್ರಶಸ್ತಿಯೇ ದೊರೆತಿತ್ತು! 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು, ಲೆಕ್ಕದಲ್ಲಿ ತೋರಿಸಿದ್ದ 5,040 ಕೋಟಿ ರೂಪಾಯಿ ನಗದು ಇರಲೇ ಇಲ್ಲವೆಂದು ಪತ್ರ ಬರೆದು ಒಪ್ಪಿಕೊಂಡರು. 2013ರ ಕಂಪನಿ ಕಾಯ್ದೆಯ ಪ್ರಕಾರ ಷೇರುಪೇಟೆಯಲ್ಲಿ ನೋಂದಾಯಿತವಾದ ಪ್ರತಿಯೊಂದು ಕಂಪನಿಯೂ ನೌಕರರು ದೂರು ಸಲ್ಲಿಸುವ ವ್ಯವಸ್ಥೆ ಮಾಡಿ, ದೂರು ಕೊಟ್ಟವರಿಗೆ ಕಿರುಕುಳವಾಗದಂತೆ ರಕ್ಷಣೆ ನೀಡಬೇಕು. ಕಾನೂನು ಒಳ್ಳೆಯದೇ. ಆದರೆ ಮೊದಲನೆಯ ದೂರು ಕೊಟ್ಟವನಿಗೆ ಮುಂದಿನ ವರ್ಷ ಬಡ್ತಿ ಸಿಕ್ಕಿತೋ ವರ್ಗಾವಣೆಯಾಯಿತೋ ಎಂಬುದನ್ನು ನೋಡಿಯೇ ಎರಡನೆಯವನು ಬಾಯಿ ತೆರೆಯುವುದು. ಗುರಿ ತಲುಪದ ತಿಂಗಳಲ್ಲಿ ಸತ್ಯವಾದ ಅಂಕಿ ತಂದವನನ್ನು ಮೇಲಧಿಕಾರಿ ಹೇಗೆ ಬರಮಾಡಿಕೊಂಡನೆಂಬುದನ್ನೂ ಇಡೀ ಕಚೇರಿ ಗಮನಿಸುತ್ತಿರುತ್ತದೆ.

ವರ್ಲ್ಡ್‌ಕಾಮ್ ದಿವಾಳಿಯಾಯಿತು, ಸಾವಿರಾರು ಜನ ಕೆಲಸ ಕಳೆದುಕೊಂಡರು. 2005ರಲ್ಲಿ ಎಬ್ಬರ್ಸ್‌ಗೆ 25 ವರ್ಷ, ಸಲಿವನ್‌ಗೆ 5 ವರ್ಷ ಸೆರೆವಾಸ ವಿಧಿಸಲಾಯಿತು. ರಾಜೀನಾಮೆ ಪತ್ರ ಬರೆದು ಕೊಡದೆ ಉಳಿದ ಆ ತಾಯಿಗೂ 5 ತಿಂಗಳ ಸೆರೆವಾಸವಾಯಿತು.