ಮಳೆ ಬಂದು ಕೆರೆ ತುಂಬಿತು

ಗುಬ್ಬಿ ತಾಲ್ಲೂಕಿನ ಕಡಬದಲ್ಲಿ, ಶಿಂಷಾ ನದಿಯ ನೀರು ನಿಲ್ಲುವ ದೊಡ್ಡ ಕೆರೆಗೆ ಹತ್ತಿರದ ಮನೆಯ ಜಗಲಿಯಲ್ಲಿ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಹಳೆಯ ಶಿಷ್ಯನ ಪಿಎಚ್.ಡಿ. ಪ್ರಬಂಧದ ಕರಡು ತಿದ್ದುತ್ತಿದ್ದರು. ವಿಷಯ, ಅಂತರ್ಜಲದಲ್ಲಿ ಫ್ಲೋರೈಡ್. ಪಾವಗಡ, ಶಿರಾ ಸೀಮೆಯಲ್ಲಿ ಹಲ್ಲು ಕಂದಿದ ಮಕ್ಕಳನ್ನು ಕಂಡವರಿಗೆ ಇದರ ಗಂಭೀರತೆ ವಿವರಿಸಬೇಕಿಲ್ಲ.

‘ನೀರನ್ನು ಕುದಿಸಿ ಫ್ಲೋರೈಡ್ ಪ್ರಮಾಣ ಹೆಚ್ಚಾಯಿತು’ ಎಂಬಲ್ಲಿ ಕೆಂಪು ಪೆನ್ನು ನಿಂತಿತು.

“ಕುದಿಸಿದ್ದು ಯಾರಪ್ಪ? ಫ್ಲೋರೈಡಾ?”

“ನಾವೇ ಮೇಷ್ಟ್ರೇ, ಲ್ಯಾಬಿನಲ್ಲಿ.”

“ಹಂಗಂತ ಎಲ್ಲಿ ಬರೆದಿದ್ದೀಯ?”

ಶಿಷ್ಯನೂ ಬಿಡಲಿಲ್ಲ. “‘ಮಳೆ ಬಂದು ಕೆರೆ ತುಂಬಿತು’ ಅಂತೀವಲ್ಲ. ಬಂದದ್ದು ಮಳೆ, ತುಂಬಿದ್ದು ಕೆರೆ. ಅದು ಸರಿಯಾದರೆ ಇದು ಹೇಗೆ ತಪ್ಪು?”

ಬಹಳ ಒಳ್ಳೆಯ ಪ್ರಶ್ನೆ. ‘ಮಾಡಿ’, ‘ನೋಡಿ’ ಮುಂತಾದ ಕೃದಂತಾವ್ಯಯಕ್ಕೂ ಕೊನೆಯ ಕ್ರಿಯಾಪದಕ್ಕೂ ಕರ್ತೃ ಒಬ್ಬನೇ ಇರಬೇಕೆಂಬುದು ಶಾಲೆಯ ಪಾಠ. ಆದರೆ ಬಿಸಿಲು ಹೆಚ್ಚಾಗಿ ಬೆಳೆ ಒಣಗುತ್ತದೆ, ಗಾಳಿ ಬೀಸಿ ಅಡಿಕೆ ಮರ ಮುರಿಯುತ್ತದೆ. ಯಾರ ಕೈವಾಡವೂ ಇಲ್ಲದೆ ಒಂದು ಘಟನೆ ಇನ್ನೊಂದಕ್ಕೆ ಕಾರಣವಾದಾಗ ಕನ್ನಡ ಈ ಸಲುಗೆ ಕೊಡುತ್ತದೆ. ‘ತೂಬು ತೆರೆದು ನೀರು ಹರಿಯಿತು’ ಎಂದರೆ ಕಿವಿಗೆ ಹಿತ. ಅದನ್ನೇ ‘ತೂಬನ್ನು ತೆರೆದು ನೀರು ಹರಿಯಿತು’ ಎಂದು ನೋಡಿ: ನೀರೇ ತೂಬನ್ನು ತೆರೆದಂತಾಯಿತು! ದ್ವಿತೀಯಾ ವಿಭಕ್ತಿ ಕಂಡೊಡನೆ ಓದುಗನ ಮನಸ್ಸು ಕೆಲಸ ಮಾಡಿದವರನ್ನು ಹುಡುಕುತ್ತದೆ. ಸಿಗದಿದ್ದರೆ ಎದುರಿಗೆ ಸಿಕ್ಕ ನಾಮಪದಕ್ಕೆ ಆ ಕೆಲಸ ಹೊರಿಸುತ್ತದೆ. ಕುದಿಸು, ಸೋಸು, ಅಳೆ, ತೂಗು ಎಂಬ ಕ್ರಿಯಾಪದಗಳೇ ತುಂಬಿರುವ ವಿಜ್ಞಾನ ಪ್ರಬಂಧಗಳಲ್ಲಿ ಈ ದೋಷ ಹೆಜ್ಜೆಹೆಜ್ಜೆಗೂ ಕಾದಿರುತ್ತದೆ.

ಹಾಗಾದರೆ ‘ಕುದಿಸಿದಾಗ’ ಎನ್ನುವುದೇ, ‘ಕುದಿಸಿದ್ದರಿಂದ’ ಎನ್ನುವುದೇ? ಒಂದು ಕಾಲ, ಇನ್ನೊಂದು ಕಾರಣ. ಇದನ್ನು ನಿರ್ಧರಿಸಲು ಹೊರಟ ಶಿಷ್ಯನಿಗೆ ವಿಜ್ಞಾನದ ತಪ್ಪೇ ಕಣ್ಣಿಗೆ ಬಿತ್ತು. ಕುದಿಸಿದರೆ ಫ್ಲೋರೈಡಿನ ಒಟ್ಟು ಪ್ರಮಾಣ ಹೆಚ್ಚುವುದಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಉಳಿಯುತ್ತದೆ. ‘ನಾವು ಕುದಿಸಿದಂತೆ ನೀರು ಆವಿಯಾಗಿ, ಉಳಿದ ನೀರಿನಲ್ಲಿ ಫ್ಲೋರೈಡಿನ ಸಾಂದ್ರತೆ ಏರಿತು’ ಎಂದು ಬರೆದ. ಕುದಿಸಿದರೆ ಎಲ್ಲ ದೋಷವೂ ಹೋಗುತ್ತದೆಂದು ನಂಬಿದ ಮನೆಗಳಿಗೆ ಈ ವಾಕ್ಯ ಮುಟ್ಟಬೇಕು. ‘ಅಧಿಕ’ ಎಂದಿದ್ದ ಕಡೆಯಲ್ಲೆಲ್ಲ ಅಂಕಿಯೂ ಬಂತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಬಹುದಾದ ಮಿತಿ. ಬೇರೆ ಮೂಲವೇ ಇಲ್ಲದಿದ್ದರೆ 1.5.

‘ನಾವು’ ಎಂದು ಬರೆಯಲು ಮಾತ್ರ ಶಿಷ್ಯನಿಗೆ ಅಳುಕು. ‘ಸಂಗ್ರಹಿಸಲಾಯಿತು’, ‘ವಿಶ್ಲೇಷಿಸಲಾಯಿತು’ ಎಂದರೇ ಶಾಸ್ತ್ರೀಯವೆಂಬ ನಂಬಿಕೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬೇರೂರಿದೆ. ಆದರೆ 1953ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ವಾಟ್ಸನ್–ಕ್ರಿಕ್‌ರ ಡಿಎನ್ಎ ಲೇಖನ ಶುರುವಾಗುವುದೇ ‘ನಾವು’ ಎಂಬ ಸರ್ವನಾಮದಿಂದ. ಅದರಿಂದ ಅದರ ತೂಕವೇನೂ ತಗ್ಗಲಿಲ್ಲ.

ವಿಜ್ಞಾನವನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆಯಬೇಕೆಂಬ ಕಾಳಜಿಗೆ ಶತಮಾನ ದಾಟಿದೆ. ಇದೇ ಜಿಲ್ಲೆಯ ಬೆಳ್ಳಾವೆಯ ಹೆಸರು ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ಹೊರಡಿಸಿದರು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸಿದ ಅವರು ಪಂಪಭಾರತದ ಸಂಪಾದನೆಯಲ್ಲೂ ದುಡಿದವರು. 1937ರ ಜಮಖಂಡಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ವಿಜ್ಞಾನ ವಿಭಾಗಕ್ಕೂ ಕನ್ನಡ ವಿಭಾಗಕ್ಕೂ ನಡುವೆ ಗೋಡೆ ಎದ್ದಿರುವ ಇಂದಿನ ಕಾಲೇಜುಗಳಿಗೆ ಅಂಥವರು ತುರ್ತಾಗಿ ಬೇಕು.

ಮೇಷ್ಟ್ರು ಅಷ್ಟರಲ್ಲಿ ಮುಂದಿನ ಪುಟದಲ್ಲಿದ್ದರು. “ಕೊಳವೆಬಾವಿಗಳಿಂದ ನೀರು ಸಂಗ್ರಹಿಸಲಾಯಿತು ಅಂದಿದ್ದೀಯ. ಎಷ್ಟು ಅಡಿ ಆಳದವು? ಮಳೆಗಾಲಕ್ಕೆ ಮುಂಚೆಯೋ, ಆಮೇಲೋ?” ಶಿಷ್ಯ ಚೀಲದಿಂದ ಕ್ಷೇತ್ರಕಾರ್ಯದ ನೋಟ್‌ಬುಕ್ ತೆಗೆದು ಹುಡುಕತೊಡಗಿದ.